ರಟ್ಟಿನೊಳಗಿನ ಓದುಗ

ಇದನ್ನು ಹೇಳಲು ನಾನು ತಕ್ಕವನಲ್ಲ. ಸಂಜೆ ತರಗತಿಯಲ್ಲಿ ಕಲಿತ ಬರವಣಿಗೆ ನನ್ನದು, ತಪ್ಪಿದ್ದರೆ ಕ್ಷಮಿಸಬೇಕು. ಅಂದು ಅಲ್ಲಿದ್ದವರಲ್ಲಿ ಬೇರೆ ಯಾರೂ ಬರೆಯುವಂತೆ ಕಾಣಲಿಲ್ಲ, ಅದಕ್ಕೇ ಧೈರ್ಯ ಮಾಡಿದ್ದೇನೆ.

ಎಲ್ಲಕ್ಕೂ ಕಾರಣ ಬಿಸಿಲು. ಓದುಗರ ಬಳಗದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಅಂದಿನ ಚರ್ಚೆಯ ಕಾದಂಬರಿಯನ್ನು ಗ್ರಂಥಾಲಯದ ಕಿಟಕಿಯಲ್ಲಿ ಎರಡು ದಿನ ಮರೆತಿದ್ದರು. ಬೆಳಿಗ್ಗೆ ನೋಡಿದರೆ, ರಟ್ಟಿನ ಒಳಗೆ ಅಂಟಿಸಿದ್ದ ಹಾಳೆ ಮುನಿಸಿಕೊಂಡ ನೆಂಟನಂತೆ ಎದ್ದು ನಿಂತಿತ್ತು. ಅದರ ಅಡಿಯಲ್ಲಿ ಪೆನ್ಸಿಲಿನ ಬರಹ:

'ತಾನು ಯಾರವನು ಎಂದು ಈ ಕಥೆಯ ನಾಯಕ ಊರೂರಲ್ಲಿ ಕೇಳುತ್ತಾನೆ. ಹೊಲಿಗೆ ಬಿಟ್ಟು ಹಾಳೆ ಬಿದ್ದುಹೋದರೆ ಮೊದಲು ಸಡಿಲವಾಗುವುದು ಪಕ್ಕದ ಹಾಳೆ. ಇಲ್ಲದಾಗ ಯಾರಿಗೆ ತಿಳಿಯುತ್ತದೋ ಅವರವನು.'

"ಅಬ್ಬಾ! ಯಾರೋ ದೊಡ್ಡ ವಿದ್ವಾಂಸರು," ಎಂದರು ಮೇಷ್ಟ್ರು. "ಸಂಜೆ ಐದಕ್ಕೆ ಅವರೇ ಮುಖ್ಯ ಭಾಷಣಕಾರರು. ಹುಡುಕಿ!"

"ಅಕ್ಷರ ನನ್ನದರ ಹಾಗೇ ಇದೆ," ಎಂದರು ಔಷಧಿ ಅಂಗಡಿಯವರು. "ಬರೆದು ಮರೆತಿದ್ರೂ ಮರೆತಿರಬಹುದು."

ಆಗ ನೆಲಮಾಳಿಗೆಯ ಮೆಟ್ಟಿಲಿನಿಂದ ಅಂಟಿನ ಕುಂಚ ಹಿಡಿದ ಒಂದು ಕೈ, ಅದರ ಹಿಂದೆ ಒಂದು ತಲೆ ಮೇಲೆ ಬಂತು. ಅದು ಪುಸ್ತಕ ಕಟ್ಟುವವನದು. ಎಲ್ಲರಿಗೂ ಅವನು ಅಂಟಣ್ಣ. ಹನ್ನೊಂದು ವರ್ಷದಿಂದ ಬಳಗದ ಚರ್ಚೆಯನ್ನು ಅವನು ಕೆಳಗಿನಿಂದಲೇ, ಹಲಗೆಗಳ ಸಂದಿಯಲ್ಲಿ ಕೇಳುತ್ತಿದ್ದ. ಮೇಲೆ ಒಂದು ಕುರ್ಚಿ ಸಿಗಲಿ ಎಂಬುದೊಂದೇ ಅವನ ಆಸೆ.

"ಅದು... ನಾನು ಬರೆದದ್ದು," ಎಂದ.

"ಅಂಟಣ್ಣ, ತಮಾಷೆಗೂ ಒಂದು ಹೊತ್ತಿದೆ ಕಣಪ್ಪಾ."

"ನಿಜ ಮೇಷ್ಟ್ರೇ. ರಿಪೇರಿಗೆ ಬಂದದ್ದನ್ನೆಲ್ಲ ಓದ್ತೀನಿ. ಅನ್ಸಿದ್ದನ್ನ ಬರೆದು, ಮೇಲೆ ಹಾಳೆ ಅಂಟಿಸಿಬಿಡ್ತೀನಿ. ಯಾರಿಗೂ ತೊಂದರೆ ಇಲ್ಲ ಅಂತ."

"ಪುರಾವೆ?" ಎಂದರು ಔಷಧಿ ಅಂಗಡಿಯವರು.

ಅಂಟಣ್ಣನ ಕಿವಿ ಕೆಂಪಾಯಿತು. ಕಪಾಟಿನಿಂದ ಒಂದು ಪುಸ್ತಕ ಎಳೆದ, ಚಾಕುವಿನಿಂದ ಸರ್ರನೆ ಒಳಹಾಳೆ ಎಬ್ಬಿಸಿದ. ಬರಹವಿತ್ತು! ಇನ್ನೊಂದು ಎಳೆದ. ಅದರಲ್ಲೂ ಇತ್ತು!

"ಆ ನೀಲಿದು ತೆಗಿ! ಆ ದಪ್ಪದು!" ಎಂದು ಮೂಲೆಮೂಲೆಯಿಂದ ಕೂಗೆದ್ದಿತು. ಸದ್ದು ಮಾಡಿದವರನ್ನು ಕಣ್ಣಲ್ಲೇ ಸುಡುವ ಗ್ರಂಥಪಾಲಕಿಯೇ ಏಣಿ ಹತ್ತಿ ಪುಸ್ತಕ ಇಳಿಸಿಕೊಟ್ಟರು. ಏಳನೆಯ ರಟ್ಟಿನೊಳಗಿನದನ್ನು ಅವರು ಗಟ್ಟಿಯಾಗಿ ಓದಿದರು: 'ಮೇಷ್ಟ್ರು ಇದನ್ನು ನಾಲ್ಕು ಸಲ ಒಯ್ದು ತಂದಿದ್ದಾರೆ. ಇಪ್ಪತ್ತನೆಯ ಪುಟದಿಂದ ಮುಂದಕ್ಕೆ ಅಂಚು ಇನ್ನೂ ಕತ್ತರಿಸಿಲ್ಲ, ಹಾಳೆಗಳು ಕೂಡಿಕೊಂಡೇ ಇವೆ.'

ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ಅವರೇ ಮೊದಲು ಚಪ್ಪಾಳೆ ತಟ್ಟಿದರು, ಅದನ್ನು ಹೇಳಲೇಬೇಕು. ಹದಿನಾಲ್ಕನೆಯ ಪುಸ್ತಕದ ಹೊತ್ತಿಗೆ ಔಷಧಿ ಅಂಗಡಿಯವರೂ ಸೋತು, "ನನ್ನ ಅಕ್ಷರ ಇಷ್ಟು ಚೆನ್ನಾಗಿಲ್ಲ ಬಿಡಿ," ಎಂದರು. ಮೊದಲ ಸಾಲಿನಲ್ಲಿ ಅಂಟಣ್ಣನಿಗೊಂದು ಕುರ್ಚಿ ಹಾಕಿಸಲಾಯಿತು. ಅವನು ಅದರ ಮೇಲೆ ಒಂದು ಕ್ಷಣ ಕೂತು ನೋಡಿದ. ರಾಜ ಕೂತ ಹಾಗೆಯೇ ಇತ್ತು.

ಆಗ ಗ್ರಂಥಪಾಲಕಿಯ ಕಣ್ಣು ಮೇಜಿನ ಮೇಲೆ ಬಿತ್ತು.

"ಅಯ್ಯೋ ಅಂಟಣ್ಣ! ನಾಳೆ ಬೆಳಿಗ್ಗೆ ಎಂಟಕ್ಕೆ ತಪಾಸಣೆ! ಹದಿನಾಲ್ಕು ಪುಸ್ತಕ ಹರಿದು ಕೂತಿವೆಯಲ್ಲೋ!"

ಸಂಜೆ ಐದಕ್ಕೆ ಚರ್ಚೆ ಶುರುವಾಯಿತು. ಅಂಟಣ್ಣ ನೆಲಮಾಳಿಗೆಯಲ್ಲಿ ಎಂದಿನ ಮಣೆಯ ಮೇಲೆ ಕೂತು ಆ ಹದಿನಾಲ್ಕಕ್ಕೂ ಅಂಟು ಕಲಸುತ್ತಿದ್ದ. ಕಾದಂಬರಿಯ ರಟ್ಟಿನೊಳಗಿನ ಅವನ ಮಾತನ್ನು ಮೇಷ್ಟ್ರು ಗಟ್ಟಿಯಾಗಿ ಓದುವುದು ಹಲಗೆಗಳ ಸಂದಿಯಿಂದ ಕೇಳಿಸಿತು. ನಡುವೆ ಅವರು ಓದು ಬಿಟ್ಟು ಕೇಳಿದರು:

"ಮುಂದಿನ ಕುರ್ಚಿ ಯಾಕೆ ಖಾಲಿ?"

"ಅಂಟಣ್ಣ ಇಲ್ವಲ್ಲ!" ಎಂದಿತು ಇಡೀ ಕೋಣೆ ಒಟ್ಟಿಗೆ.

ನಾನು ಆಗ ಮೆಟ್ಟಿಲ ಮೇಲಿದ್ದೆ. ಅಂಟಣ್ಣನ ಕುಂಚ ಗಾಳಿಯಲ್ಲೇ ನಿಂತಿತು. ಗೆದ್ದವನ ಮುಖ ಹೇಗಿರುತ್ತದೆ ಎಂದು ಅಂದು ನೋಡಿದೆ. ಅವನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ರಟ್ಟಿನ ಮೇಲೆ ಏನೋ ಗೀಚಿ, ಹಾಳೆ ಅಂಟಿಸಿ, ಮುಷ್ಟಿಯಿಂದ ಗುದ್ದಿದ.

ತಪಾಸಣೆ ಮುಗಿದ ಮೇಲೆ ಆ ಪುಸ್ತಕವನ್ನು ನಾನೇ ಮನೆಗೆ ತಂದು ಮೂರು ದಿನದಿಂದ ಬಿಸಿಲಿಗಿಟ್ಟಿದ್ದೇನೆ. ಈ ಸಲ ಅಂಟು ಗಟ್ಟಿಯಾಗಿದೆ. ಏನು ಬರೆದನೋ, ನನಗೆ ಗೊತ್ತಿಲ್ಲ.