ಪಿಟೀಲು ಪೆಟ್ಟಿಗೆಯಲ್ಲಿ ಕಾಲುಚೀಲ ಇಡುವ ಕುರಿತು

ಸಂಖ್ಯೆ: ಗೃ.ಆ./ಪಿಟೀಲು-ಚೆಂಡು/07
ದಿನಾಂಕ: ಸೋಮವಾರ, ಬಟ್ಟೆ ಒಣಗುವ ಮುನ್ನ

ವಿಷಯ: ಮಗಳು (ವಯಸ್ಸು ಹತ್ತು) ಪಿಟೀಲು ಮತ್ತು ಫುಟ್‌ಬಾಲ್ ಎರಡನ್ನೂ ಮುಂದುವರಿಸುವ ಬಗ್ಗೆ.

ಉಲ್ಲೇಖ:
1) ಊಟದ ಮೇಜಿನಲ್ಲಿ ತಂದೆಯವರ ಮೌಖಿಕ ಆದೇಶ: "ಎರಡು ದೋಣಿ ಮೇಲೆ ಕಾಲಿಡೋದು ಬೇಡ. ಭಾನುವಾರದೊಳಗೆ ಒಂದು ಬಿಟ್ಬಿಡು."
2) ಸದರಿ ಆದೇಶಕ್ಕೆ ಅಜ್ಜಿಯವರ ಆಕ್ಷೇಪಣೆ: "ನೀನು ಟಿ.ವಿ. ನೋಡ್ತಾ, ಫೋನಲ್ಲಿ ಮಾತಾಡ್ತಾ ಊಟ ಮಾಡ್ತೀಯಲ್ಲಪ್ಪ, ಅವಳಿಗೆ ಎರಡು ಜಾಸ್ತಿ ಆಯ್ತಾ?"
3) ಮಗಳು ಮೂರು ರಾತ್ರಿ ಪಿಟೀಲನ್ನೂ ಚೆಂಡನ್ನೂ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದು.

ಕಳೆದ ಗುರುವಾರ ಶ್ರುತಿ ಮಾಡಲೆಂದು ಪಿಟೀಲು ಪೆಟ್ಟಿಗೆ ತೆರೆದ ಸಂಗೀತದ ಟೀಚರ್‌ಗೆ ಕೆಸರಾದ ಬೂಟು ಎರಡು, ಕಾಲುಚೀಲ ಒಂದು ದೊರೆತಿರುತ್ತವೆ. ಪಿಟೀಲು ಮನೆಯಲ್ಲಿ ಆಟದ ಚೀಲದೊಳಗೆ ಟವೆಲ್ ಹೊದ್ದು ಮಲಗಿರುವುದು ಪತ್ತೆಯಾಗಿದೆ. ಉಲ್ಲೇಖ (1)ರ ಆದೇಶಕ್ಕೆ ಇದೇ ಕಾರಣವಾದ್ದರಿಂದ, ಸಂಬಂಧಪಟ್ಟವರೆಲ್ಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಪಿಟೀಲು ಪೆಟ್ಟಿಗೆಯಲ್ಲಿ ಕಾಲುಚೀಲ ಇಡುವುದನ್ನು ನಿಷೇಧಿಸಲಾಗಿದೆ. ಒಂಟಿ ಕಾಲುಚೀಲವನ್ನೂ ಕಾಲುಚೀಲವೆಂದೇ ಪರಿಗಣಿಸಲಾಗುವುದು.

2. ಪಿಟೀಲಿನ ಕಮಾನಿಗೆ ಹಚ್ಚುವ ರಾಳವನ್ನು ಗೋಲ್‌ಕೀಪರ್ ಕೈಗವಸಿಗೆ ಹಚ್ಚತಕ್ಕದ್ದಲ್ಲ. ಹಿಂದಿನ ಪಂದ್ಯದಲ್ಲಿ ಚೆಂಡು ಹಿಡಿದದ್ದಕ್ಕೆ ಮಗಳನ್ನು ಶ್ಲಾಘಿಸಲಾಗಿದೆ. ಅಂಟಿದ ಚೆಂಡನ್ನು ಬಿಡಿಸಲು ಇಬ್ಬರು ಬೇಕಾದುದಕ್ಕೆ ಎಚ್ಚರಿಕೆ ನೀಡಲಾಗಿದೆ.

3. ಫುಟ್‌ಬಾಲ್ ಅಭ್ಯಾಸಕ್ಕೆಂದು ಮಗಳು ಹಗ್ಗ ಜಿಗಿಯುವಾಗ ಅಜ್ಜಿಯವರು ತಾಳ ಹಾಕಬಹುದು. ನಡುವೆ ಅಜ್ಜಿಯವರಿಗೆ ಕೆಮ್ಮು ಬಂದಲ್ಲಿ, ಮುಂದಿನ ಪೆಟ್ಟು ಬೀಳುವವರೆಗೆ ಮಗು ಗಾಳಿಯಲ್ಲೇ ಕಾಯಬೇಕಾಗಿಲ್ಲ.

4. (ಕುಕ್ಕರ್ ಕೂಗಿದ್ದರಿಂದ ಈ ಕಲಂ ಖಾಲಿ ಇರುತ್ತದೆ.)

5. ಗಡುವಿನ ದಿನವಾದ ನಿನ್ನೆ ಸಂಗೀತ ಶಾಲೆಯ ಕಾರ್ಯಕ್ರಮದಲ್ಲಿ ಮಗಳು ನುಡಿಸುತ್ತಾ ನಡುವೆ ಮರೆತು ನಿಂತಿದ್ದನ್ನು ಇಲಾಖೆ ಖುದ್ದಾಗಿ ನೋಡಿರುತ್ತದೆ. ಕಳೆದ ವರ್ಷ ಹೀಗಾದಾಗ ಆಕೆ ವೇದಿಕೆಯಿಂದ ಓಡಿಬಂದು ಅಮ್ಮನ ಬೆನ್ನ ಹಿಂದೆ ಅಡಗಿದ್ದಳು. ನಿನ್ನೆ ಓಡಲಿಲ್ಲ. ಗೋಲಿನ ಮುಂದೆ ನಿಲ್ಲುವಂತೆ ಮಂಡಿ ಸ್ವಲ್ಪ ಬಾಗಿಸಿ, ಎರಡು ಸಲ ಕುಪ್ಪಳಿಸಿ, ಬಿಟ್ಟ ಸ್ವರವನ್ನು ಬಿಟ್ಟಲ್ಲೇ ಹಿಡಿದಳು. ನುಡಿಸಿದ್ದು ಮುಗಿಯಿತೆಂದು ತಿಳಿದು ತಂದೆಯವರು, ಆಕೆ ಮರೆತು ನಿಂತಾಗಲೇ, ಒಬ್ಬರೇ ಚಪ್ಪಾಳೆ ತಟ್ಟಿರುತ್ತಾರೆ.

6. ಮೂರು ಗೋಲು ಬಿಟ್ಟ ಮೇಲೆ ಮೊದಲೆಲ್ಲ ಅಳುತ್ತಿದ್ದ ಮಗಳು ಈಗ ಪಿಟೀಲು ಪಾಠದ ಸ್ವರ ಗುನುಗುತ್ತಾ ನಾಲ್ಕನೆಯದಕ್ಕೆ ಸಿದ್ಧಳಾಗುತ್ತಾಳೆಂದು ಕೋಚ್ ವರದಿ ಮಾಡಿದ್ದಾರೆ. ಆದ್ದರಿಂದ ಒಂದನ್ನು ಬಿಡಿಸಿದರೆ ಇನ್ನೊಂದೂ ಕುಂಟುವುದೆಂದು ಇಲಾಖೆಗೆ ಮನವರಿಕೆಯಾಗಿದೆ.

7. ನಿನ್ನೆ ಕಾರ್ಯಕ್ರಮದ ನಂತರ ಆಟದ ಅಭ್ಯಾಸವನ್ನೂ ಮುಗಿಸಿ ಮನೆಗೆ ಬರುವಾಗ ಪಿಟೀಲು ಪೆಟ್ಟಿಗೆಯನ್ನೂ ಆಟದ ಚೀಲವನ್ನೂ ತಂದೆಯವರೇ, ಯಾರೂ ಹೇಳದೆ, ಎರಡೂ ಹೆಗಲಿಗೆ ಹಾಕಿಕೊಂಡಿದ್ದರು. ಇದನ್ನು ಉಲ್ಲೇಖ (1)ರ ಆದೇಶದ ಲಿಖಿತ ಹಿಂತೆಗೆತವೆಂದು ಭಾವಿಸಿ, ಎರಡೂ ಮುಂದುವರಿಯತಕ್ಕದ್ದೆಂದು ಆದೇಶಿಸಲಾಗಿದೆ.

(ಕೈ ಹಿಟ್ಟಾಗಿರುವುದರಿಂದ ಹೆಬ್ಬೆಟ್ಟು ಒತ್ತಲಾಗಿದೆ)
ಅಮ್ಮ
ಗೃಹಾಡಳಿತ ಇಲಾಖೆ

ಪ್ರತಿಗಳು:
1. ತಂದೆಯವರಿಗೆ: ಚಪ್ಪಾಳೆ ಯಾವಾಗ ತಟ್ಟಬೇಕೆಂದು ಮಗಳಿಂದ ತರಬೇತಿ ಪಡೆಯಲು.
2. ಅಜ್ಜಿಯವರಿಗೆ: ಗಟ್ಟಿಯಾಗಿ ಓದಿ ಹೇಳಲಾಗುವುದು.
3. ಕೆಳಮನೆಯವರಿಗೆ: ಕ್ಷಮಾಪಣೆಯೊಂದಿಗೆ, ಕಿವಿಗೆ ಹತ್ತಿಯ ಉಂಡೆ ಎರಡು ಲಗತ್ತಿಸಿ.
4. ಮಗಳಿಗೆ: ಪಿಟೀಲು ಪೆಟ್ಟಿಗೆಯೊಳಗೆ, ಕಾಲುಚೀಲದ ಅಡಿಯಲ್ಲಿ.