ಪಟ್ಟಿಯಲ್ಲಿಲ್ಲದ ಹೂಗಳು

ಆ ಗಾಜನ್ನು ಒರೆಸದೆ ಸುಮ್ಮನಿದ್ದಿದ್ದರೆ ಹುಲುಗೇಶನಿಗೆ ಆ ಸೋಮವಾರ ಯಾವ ತೊಂದರೆಯೂ ಇರಲಿಲ್ಲ. ಆದರೆ ಸಾಹೇಬರು ಸಂಜೆ ನಾಲ್ಕಕ್ಕೆ ಬರುವವರಿದ್ದರು. ಸಂಡೂರಿನ ಗಣಿ ಕಾಲನಿಯಲ್ಲಿ ಒಂದು ದಿನ ಕಿಟಕಿ ತೆರೆದಿಟ್ಟರೆ ದೇವರ ಪಟಕ್ಕೂ ಕೆಂಧೂಳು ಮೆತ್ತಿಕೊಳ್ಳುತ್ತದೆ. ಸಾಹೇಬರ ಮೀನಿನ ತೊಟ್ಟಿಯ ಮೇಲೆ ಹತ್ತು ದಿನದ ಧೂಳಿತ್ತು. ಹುಲುಗೇಶ ಒದ್ದೆ ಬಟ್ಟೆಯಿಂದ ಒರೆಸಿ, ಗಾಜಿಗೆ ಮೂಗು ತಾಗಿಸಿ ಒಳಗೆ ನೋಡಿದ. ಎಡಗಡೆಯ ಬಂಡೆಯ ಹಿಂದೆ ಕಂದು ಬಣ್ಣದ ಹೂವಿನಂಥವು ಅಲ್ಲಾಡುತ್ತಿದ್ದವು.

ಅವನ ಕಣ್ಣು ಗೋಡೆಯ ಮೇಲಿನ ಪಟ್ಟಿಯ ಕಡೆ ಹೊರಳಿತು. ಮೀನು ಏಳು, ಹವಳ ಐದು, ಬಸವನಹುಳು ಮೂರು. ಕಂದು ಹೂವಿನ ಸುದ್ದಿಯೇ ಇಲ್ಲ. ಹುಲುಗೇಶ ಎಣಿಸಿದ. ಹನ್ನೆರಡು ಇದ್ದವು. ಮತ್ತೊಮ್ಮೆ ಎಣಿಸಿದ. ಆಗಲೂ ಹನ್ನೆರಡೇ.

ಸಾಹೇಬರು ಎಂದರೆ ಗಣಿಯ ಸ್ಟೋರ್ಸ್ ಮ್ಯಾನೇಜರ್ ನಾಗೇಂದ್ರಪ್ಪನವರು. ಸಮುದ್ರ ಇಲ್ಲಿಂದ ಒಂದು ಹಗಲಿನ ದಾರಿ. ಅಷ್ಟು ದೂರ ಯಾರು ಹೋಗುತ್ತಾರೆಂದು ಅವರು ಉಪ್ಪಿನ ಪಾಕೀಟು ಕಲಸಿ ತಮ್ಮ ಕ್ವಾರ್ಟರ್ಸಿನ ಹಾಲ್‌ನಲ್ಲೇ ಸಮುದ್ರ ಮಾಡಿಕೊಂಡಿದ್ದರು. ಮೊಮ್ಮಗಳ ನಾಮಕರಣಕ್ಕೆಂದು ಹೆಂಡತಿಯೊಂದಿಗೆ ಚೆನ್ನೈಗೆ ಹೊರಟಾಗ, ಕೀಲಿಕೈಯನ್ನೂ ಒಂದು ಪಟ್ಟಿಯನ್ನೂ ಹುಲುಗೇಶನ ಕೈಗೆ ಕೊಟ್ಟಿದ್ದರು.

ಹುಲುಗೇಶ ಹನ್ನೊಂದು ವರ್ಷದಿಂದ ಗುಡ್ಡದ ಮೇಲಿನ ಸ್ಟೋರಿನಲ್ಲಿ ಗುಮಾಸ್ತ. ಬೆಳಗಿನ ಐದರ ಬಸ್ಸು ಹತ್ತಿ ಹತ್ತಿ ಅವನಿಗೆ ಸೂರ್ಯೋದಯವೆಂದರೇ ಆಕಳಿಕೆ ಬರುತ್ತಿತ್ತು. ಈಗ ಕಾಲನಿಯ ಸ್ಟೋರಿನಲ್ಲಿ ಒಂದು ಜಾಗ ಖಾಲಿಯಾಗಿತ್ತು. ಒಂಬತ್ತಕ್ಕೆ ಹೋಗಿ ಐದಕ್ಕೆ ಮನೆ ಸೇರುವ ಜಾಗ. ಅದಕ್ಕೆ ಇಬ್ಬರು ಅರ್ಜಿ ಹಾಕಿದ್ದರು. ಒಬ್ಬ ಇವನು, ಇನ್ನೊಬ್ಬ ಇವನ ಜೊತೆಯ ಗುಮಾಸ್ತ ಮುದುಕಪ್ಪ. ಬಂದ ಮೇಲೆ ನೋಡೋಣ, ಮೊದಲು ಇದನ್ನ ಹೆಂಗ ಕಾಯ್ತೀರಿ ನೋಡ್ತೀನಿ ಎಂದು ಸಾಹೇಬರು ನಕ್ಕು ಹೇಳಿ ಹೋಗಿದ್ದರು. ಆ ನಗೆಯನ್ನು ಹುಲುಗೇಶ ಹತ್ತು ದಿನ ಜೋಪಾನ ಮಾಡಿದ್ದ.

ಸ್ಟೋರಿನವರ ಧರ್ಮವೇ ಬೇರೆ. ಪಟ್ಟಿಗಿಂತ ಒಂದು ಬೇರಿಂಗು ಕಮ್ಮಿ ಬಂದರೆ ಕಳ್ಳ ಎನ್ನುತ್ತಾರೆ. ಒಂದು ಜಾಸ್ತಿ ಬಂದರೆ ಇನ್ನೂ ದೊಡ್ಡ ಕಳ್ಳ ಎನ್ನುತ್ತಾರೆ. ಅದಕ್ಕೇ ಹುಲುಗೇಶ ಚಾರ್ಜು ತೆಗೆದುಕೊಂಡ ದಿನವೇ ಪದ್ಧತಿಯಂತೆ ಗೋಡೆಗೆ ಗೋಂದು ಬಳಿದು, ಪಟ್ಟಿಯನ್ನು ಅದರ ಮೇಲೆ ಒತ್ತಿ, ನಾಲ್ಕು ಅಂಚೂ ಏಳದಂತೆ ಅಂಟಿಸಿದ್ದ. ದಿನಾ ಶಿಫ್ಟು ಮುಗಿಸಿ ಬಂದು ಪಟ್ಟಿ ನೋಡಿಕೊಂಡು ಮೇವು ಹಾಕಿ ಹೋಗುತ್ತಿದ್ದ. ಬಂಡೆಯ ಹಿಂದೆ ಇಣುಕಿದವನಲ್ಲ. ಇವತ್ತು ರಜೆ ಹಾಕಿ ಇಣುಕಿದ, ನೋಡಿದರೆ ಹನ್ನೆರಡು ಜಾಸ್ತಿ.

ಹೊಸಪೇಟೆಯಲ್ಲಿ ಬಣ್ಣದ ಮೀನು ಮಾರುವ ಯಲ್ಲೇಶನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಹೂವಿನ ಚಹರೆ ಹೇಳಿದ. ಅಷ್ಟರಲ್ಲಿ ಹಿಂದಿನ ಸಾಲಿನ ಕ್ವಾರ್ಟರ್ಸಿನ ಜಂಬಮ್ಮ ಒಳಗೆ ಬಂದಿದ್ದಳು. ಅವಳು ಮುದುಕಪ್ಪನ ಹೆಂಡತಿ. ಹತ್ತು ದಿನದಿಂದ ಅವಳು ದಿನಕ್ಕೊಮ್ಮೆ ಬಂದು ಮೀನು ಎಲ್ಲಾ ಜೀವಂತ ಇವೆಯೇ ಎಂದು ವಿಚಾರಿಸಿ ಹೋಗುತ್ತಿದ್ದಳು. ಆ ಕಾಳಜಿ ಹುಲುಗೇಶನಿಗೆ ಒಂಚೂರೂ ಹಿಡಿಸಿರಲಿಲ್ಲ.

"ಇದು ಗಿಡಾನೋ ಪ್ರಾಣೀನೋ ಹುಲುಗೇಶಣ್ಣ?" ಎಂದು ಕೇಳಿದಳು.

ಹುಲುಗೇಶ ಫೋನಿನ ಗಡಿಬಿಡಿಯಲ್ಲಿ ಗಿಡಾನೇ ಇರಬೇಕು ಎಂದುಬಿಟ್ಟ. ಸೋಮವಾರ ಪ್ರಾಣಿ ಮುಟ್ಟುವುದಿಲ್ಲ, ಗಿಡವಾದರೆ ಅಡ್ಡಿಯಿಲ್ಲ ಎಂದುಕೊಂಡ ಜಂಬಮ್ಮ ಸೆರಗು ಸಿಕ್ಕಿಸಿ, ಕೈಯನ್ನು ಮೊಣಕೈವರೆಗೂ ನೀರಿಗಿಳಿಸಿ, ಹೊಲದಲ್ಲಿ ಕಳೆ ಕೀಳುವಂತೆ ಒಂದನ್ನು ಹಿಡಿದೆಳೆದಳು. ಅದು ಮೂರು ಚೂರಾಗಿ ಅವಳ ಕೈಗೆ ಬಂತು. ಅದೇ ಹೊತ್ತಿಗೆ ಯಲ್ಲೇಶನ ದನಿ ಕೇಳಿಸಿತು.

"ಕೈ ಮಾತ್ರ ಹಚ್ಚಬ್ಯಾಡ್ರಿ. ಅದಕ್ಕ ಐಪ್ಟೇಸಿಯಾ ಅಂತಾರ, ಭಾಳ ಕೆಟ್ಟ ಪೀಡೆ. ಕಿತ್ತಷ್ಟೂ ಹೆಚ್ಚಾಗ್ತಾವ. ಒಂದು ಚೂರು ಬಿದ್ರ ಒಂದು ಹೂವಾಗ್ತೈತಿ."

ಹುಲುಗೇಶನ ಮುಖ ಬಿಳುಚಿತು. ಆ ಚೂರು ಈ ಮನೆಯಲ್ಲೇ ಇರಕೂಡದು, ಎಲ್ಲಾದರೂ ದೂರ ಒಗೆದು ಬಾ ಎಂದು ಜಂಬಮ್ಮನ ಮೇಲೆ ಹರಿಹಾಯ್ದ. ಉಪಕಾರ ಮಾಡಲು ಬಂದರೆ ಇದು ಮರ್ಯಾದೆಯೇ ಎಂದು ಗೊಣಗುತ್ತ, ತೊಟ್ಟಿಯ ನೀರನ್ನೇ ಒಂದು ಚೊಂಬು ಮೊಗೆದು, ಚೂರುಗಳನ್ನು ಅದರಲ್ಲಿ ಹಾಕಿಕೊಂಡು ಅವಳು ಹೊರಟುಹೋದಳು.

ಇನ್ನೂ ಹನ್ನೊಂದು ಉಳಿದಿದ್ದವು. ಯಲ್ಲೇಶ ಎರಡು ದಾರಿ ಹೇಳಿದ. ಇದನ್ನೇ ತಿನ್ನುವ, ಇದನ್ನು ಬಿಟ್ಟರೆ ಬೇರೇನೂ ತಿನ್ನದ ಒಂದು ಹುಳ ಇದೆ, ಪರವೂರಿನಿಂದ ತರಿಸಬೇಕು, ವಾರ ಹಿಡಿಯುತ್ತದೆ. ಇಲ್ಲವೇ ಎಲೆಗೆ ಹಚ್ಚುವ ಸುಣ್ಣವನ್ನು ನೀರು ಮಾಡಿ ಸೂಜಿಯಿಂದ ಒಂದೊಂದರ ಬಾಯಿಗೂ ಬಿಡಬೇಕು. ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ವಾರ ಎಲ್ಲಿಂದ ತರುವುದು?

ಸುಣ್ಣವೂ ಸೂಜಿಯೂ ಒಂದೇ ಮನೆಯಲ್ಲಿ ಸಿಗುವುದು ಕಾಲನಿಯಲ್ಲಿ ಅಂದಾನಪ್ಪನ ಹತ್ತಿರ ಮಾತ್ರ. ದಿನಕ್ಕೆ ಇಪ್ಪತ್ತು ಎಲೆ ಹಾಕುವ ಮುದುಕ, ಜೊತೆಗೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್. ಮೂವತ್ತು ವರ್ಷ ಗಣಿಯಲ್ಲಿ ಮದ್ದು ಸಿಡಿಸಿ ನಿವೃತ್ತನಾದವನು. ಸುದ್ದಿ ಕೇಳಿದ್ದೇ ಅವನ ಬೆನ್ನು ನೆಟ್ಟಗಾಯಿತು. ಹುಲುಗೇಶ ಸುಣ್ಣದ ಡಬ್ಬಿ ಕೊಟ್ಟರೆ ಸಾಕೆಂದರೂ ಕೇಳದೆ ತಾನೇ ಬಂದ.

"ತಮ್ಮಾ, ಇದು ನನ್ನ ಕೆಲಸ. ತೂತು, ಮದ್ದು, ದೂರ ಸರಿಯೋದು. ಬ್ಯಾರೆ ಏನೈತಿ ಇದರಾಗ?"

ಪಂಚೆಯ ಅಂಚಿನಲ್ಲಿ ಸುಣ್ಣದ ತಿಳಿಯನ್ನು ಸೋಸಿ ಸಿರಿಂಜಿಗೆ ತುಂಬಿದರು. ಅಂದಾನಪ್ಪ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುತ್ತ ಹೋದ, ಹುಲುಗೇಶ ಉಸಿರು ಬಿಗಿಹಿಡಿದು ಸೂಜಿಯನ್ನು ಮೊದಲ ಹೂವಿನ ಬಾಯಿಗೆ ತಂದ. ಹೂ ಅದನ್ನು ಮೇವೆಂದು ತಿಳಿದು ಬಾಯಿ ತೆರೆಯಿತು, ಸುಣ್ಣ ನುಂಗಿತು, ಮುದುಡಿ ಕರಗಿತು. ಹುಲುಗೇಶನಿಗೆ ಅಯ್ಯೋ ಪಾಪ ಅನ್ನಿಸಿತು. ಐದರ ಬಸ್ಸು ನೆನಪಾಗಿ ಆ ಪಾಪ ಅಲ್ಲೇ ಇಂಗಿತು.

ಹತ್ತನೆಯ ಹೂವಿನವರೆಗೆ ಎಲ್ಲ ಸರಿಯಾಗಿ ನಡೆಯಿತು. ಹನ್ನೊಂದನೆಯದು ಬಂಡೆಯ ಸಂದಿಯಲ್ಲಿತ್ತು, ಸೂಜಿಗೆ ಎಟುಕಲಿಲ್ಲ. ಇಂಥ ಕಡೆ ಮದ್ದು ಜಾಸ್ತಿ ಹಾಕಬೇಕು ಎಂದ ಅಂದಾನಪ್ಪ, ಹುಲುಗೇಶ ಬೇಡ ಎನ್ನುವಷ್ಟರಲ್ಲಿ ಎದ್ದು, ಬಟ್ಟಲಲ್ಲಿ ಉಳಿದಿದ್ದ ಸುಣ್ಣವನ್ನು ಗಸಿಯ ಸಮೇತ ಆ ಸಂದಿಗೆ ಸುರಿದುಬಿಟ್ಟ.

ತೊಟ್ಟಿ ಹಾಲಿನಂತೆ ಬೆಳ್ಳಗಾಯಿತು. ಒಳಗೆ ಏನೂ ಕಾಣಲಿಲ್ಲ. ಹೊಗಿ ಆರೋವರೆಗೂ ಕಾಯಬೇಕು ತಮ್ಮಾ ಎಂದು ಹೇಳಿ, ಊಟದ ಹೊತ್ತಾಯಿತೆಂದು ಅಂದಾನಪ್ಪ ಹೊರಟುಹೋದ.

ಆಗ ಎರಡು ಗಂಟೆ. ಮೀನುಗಳು ಒಂದೊಂದಾಗಿ ಮೇಲೆ ಬಂದು ಬಾಯಿ ತೆರೆದು ಗುಟುಕರಿಸತೊಡಗಿದವು. ಹುಲುಗೇಶನಿಗೆ ಸಾಹೇಬರು ಡ್ರಮ್ಮಿನಲ್ಲಿ ಕಲಸಿಟ್ಟಿದ್ದ ಉಪ್ಪುನೀರು ನೆನಪಾಯಿತು. ಬಕೆಟ್ಟಿನಿಂದ ಬಿಳಿನೀರು ತೆಗೆದ, ಹೊಸ ನೀರು ಹಾಕಿದ, ಮತ್ತೆ ತೆಗೆದ, ಮತ್ತೆ ಹಾಕಿದ. ಬಾಗಿಲಿಗೂ ಡ್ರಮ್ಮಿಗೂ ಓಡಾಡಿ ಅವನ ಪ್ಯಾಂಟು ಮೊಣಕಾಲವರೆಗೂ ಉಪ್ಪುಗಟ್ಟಿತು. ಈ ಮೀನುಗಳು ಬದುಕಿದರೆ ಹಂಪಿಗೆ ನಡೆದು ಬರುತ್ತೇನೆಂದು ವಿರೂಪಾಕ್ಷನಿಗೆ ಹರಕೆ ಹೊತ್ತ. ಆಮೇಲೆ ದಾರಿ ನೆನಪಾಗಿ, ಹೊಸಪೇಟೆವರೆಗೆ ಬಸ್ಸು ಎಂದು ತಿದ್ದಿದ.

ಮೂರೂವರೆಗೆ ನೀರು ತಿಳಿಯಾಯಿತು. ಹವಳ ಐದು, ಬಸವನಹುಳು ಮೂರು, ಮೀನು ಆರು. ಏಳನೆಯದಕ್ಕಾಗಿ ಹುಡುಕಿ ಹುಡುಕಿ ಸೋತು ಗೋಡೆಗೆ ತಲೆ ಆನಿಸಿದಾಗ, ಅದು ಪಂಪಿನ ಹಿಂದಿನಿಂದ ಏನೂ ಆಗದವರಂತೆ ಈಜಿಕೊಂಡು ಬಂತು. ಸಂದಿಯೊಳಗಿನ ಹೂವೂ ಕರಗಿತ್ತು. ಕಂದು ಬಣ್ಣದ್ದು ಒಂದೂ ಇರಲಿಲ್ಲ. ಹುಲುಗೇಶ ನೆಲ ಒರೆಸಿ ತಲೆ ಬಾಚಿಕೊಳ್ಳುವಷ್ಟರಲ್ಲಿ ಹೊರಗೆ ಕಾರು ನಿಂತಿತು.

ನಾಗೇಂದ್ರಪ್ಪನವರು ಒಂದು ಥರ್ಮಾಕೋಲ್ ಡಬ್ಬಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಒಳಗೆ ಬಂದರು.

"ಮೀನು ಏಳು, ಹವಳ ಐದು, ಬಸವನಹುಳು ಮೂರು. ಎಲ್ಲಾ ತಾಳೆ ಅದಾವ್ರಿ ಸಾಹೇಬ್ರ," ಎಂದ ಹುಲುಗೇಶ.

ಸಾಹೇಬರು ಬಂಡೆಯ ಹಿಂದೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಇನ್ನ ಹನ್ನೆರಡು ಎಲ್ಲಿ?"

ಹುಲುಗೇಶ ಪಟ್ಟಿಯ ಕಡೆ ಬೆರಳು ತೋರಿಸಿದ. ಸಾಹೇಬರು ಒದ್ದೆ ಬಟ್ಟೆ ತೆಗೆದುಕೊಂಡು ಪಟ್ಟಿಯನ್ನು ನೆನೆಸಿ, ಮೂಲೆಯಿಂದ ನಿಧಾನವಾಗಿ ಗೋಡೆಯಿಂದ ಎಬ್ಬಿಸಿ, ತಿರುಗಿಸಿ ಅವನ ಮುಂದೆ ಹಿಡಿದರು. ಹಿಂಬದಿಯಲ್ಲಿ, ಗೋಂದಿನಲ್ಲಿ ಕಲಸಿಹೋದರೂ ಓದಲು ಬರುವಂತೆ, ಅವರದೇ ಅಕ್ಷರಗಳಿದ್ದವು. ಕಂದು ಹೂ ಹನ್ನೆರಡು. ಸಾಕಲೆಂದು ಚೆನ್ನೈಯಿಂದ ತರುವ ಹುಳಗಳಿಗೆ ಇದೊಂದೇ ಆಹಾರ. ವರ್ಷದಿಂದ ಬೆಳೆಸಿದ್ದು. ಮುಟ್ಟಬಾರದು.

"ಕಾಗದದ ಎರಡೂ ಮಗ್ಗಲು ಬರೀರಿ ಅಂತ ಹೋದ ತಿಂಗಳ ಸುತ್ತೋಲೆ ಕಳಿಸಿದ್ನಲ್ರಿ. ಓದಿಲ್ಲೇನು?"

ಹುಲುಗೇಶ ಆ ಸುತ್ತೋಲೆಯನ್ನೂ ಗುಡ್ಡದ ಸ್ಟೋರಿನ ಗೋಡೆಗೆ ಅಂಟಿಸಿದ್ದ.

ಸಾಹೇಬರು ಡಬ್ಬಿ ತೆರೆದರು. ಉಗುರಿನಷ್ಟುದ್ದದ, ಮೈತುಂಬ ಬಿಳಿ ಕುಚ್ಚಿನ ಹತ್ತು ಹುಳಗಳು ತಲೆಯೆತ್ತಿ ಊಟ ಹುಡುಕುತ್ತಿದ್ದವು. ಅವರ ಕಣ್ಣು ತುಂಬಿ ಬಂತು. ಆ ಹೊತ್ತಿಗೆ ಸಾಹೇಬರ ಕಾರು ನೋಡಿ ಬಂದ ಜಂಬಮ್ಮ ಬಾಗಿಲಲ್ಲಿ ಕಾಣಿಸಿದಳು. ಕೈಯಲ್ಲಿ ಉಪ್ಪಿನಕಾಯಿಯ ಗಾಜಿನ ಭರಣಿ, ಅದರ ತುಂಬ ನೀರು. ನೀರಿನ ತಳದಲ್ಲಿ ಕಂದು ಬಣ್ಣದ ಚೂರುಗಳು ಸಣ್ಣಗೆ ಮಿಸುಕಾಡುತ್ತಿದ್ದವು.

"ಒಗೀರಿ ಅಂದ್ರು. ಚಂದ ಇದ್ವು, ಮನಸ್ಸಾಗ್ಲಿಲ್ರಿ ಸಾಹೇಬ್ರ. ಕಿತ್ತಷ್ಟೂ ಹೆಚ್ಚಾಗ್ತಾವಂತ ಫೋನಿನಾಗ ಅಂದಿದ್ರಲ್ಲ, ಕಿಟಕಿ ತುಂಬ ಆಗ್ಲಿ ಅಂತ ಬ್ಲೇಡಿನ್ಲೆ ಸಣ್ಣಗ ಕೊಯ್ದು ಇಟ್ಟೀನಿ."

ಸಾಹೇಬರು ಭರಣಿಯನ್ನು ಬೆಳಕಿಗೆ ಹಿಡಿದು ಎಣಿಸಿದರು. ಹುಲುಗೇಶನೂ ತಡೆಯಲಾರದೆ ಎಣಿಸಿದ. ಹನ್ನೆರಡು ಇದ್ದವು.

"ಪಟ್ಟಿ ತಾಳೆ ಆತು," ಎಂದು ಸಾಹೇಬರು ಉಸಿರುಬಿಟ್ಟರು. "ಅಲ್ಲಮ್ಮ, ನಿಮ್ಮ ಯಜಮಾನ್ರು ಯಾರು?"

"ಮುದುಕಪ್ಪ ಅಂತ್ರಿ. ಗುಡ್ಡದ ಸ್ಟೋರಿನಾಗ, ಇವ್ರ ಜೋಡೀನ ಅದಾರ್ರಿ."

ಮುಂದಿನ ವಾರ ಬೆಳಗಿನ ಐದರ ಬಸ್ಸಿನಲ್ಲಿ ಹುಲುಗೇಶನ ಪಕ್ಕದ ಸೀಟು ಖಾಲಿಯಿತ್ತು. ಹನ್ನೊಂದು ವರ್ಷ ಮುದುಕಪ್ಪ ತೂಕಡಿಸುತ್ತಿದ್ದ ಸೀಟು ಅದು. ಹುಲುಗೇಶ ಅದರ ಮೇಲೆ ಊಟದ ಡಬ್ಬಿ ಇಟ್ಟ. ಡ್ರೈವರನ ಬೆನ್ನ ಹಿಂದೆ ಒಂದು ನೋಟೀಸು ಅಂಟಿಸಿತ್ತು. ಅದರ ಹಿಂಬದಿಯಲ್ಲಿ ಏನು ಬರೆದಿರಬಹುದೆಂದು ಅವನು ಗುಡ್ಡ ಹತ್ತುವವರೆಗೂ ಯೋಚಿಸುತ್ತ ಕೂತ.