ಕರಾಟೆಯವನಿಗೆ ಹೆಣ್ಣು ಯಾರು ಕೊಡ್ತಾರೆ?

ಅದಿರಿನ ಕಾಲದ ಬಳ್ಳಾರಿಯಲ್ಲಿ ಯಾರೂ ಯಾರನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಹೊಸ ಬೈಕು ಕೊಂಡರೆ ಅನುಮಾನ. ಕೊಳ್ಳದಿದ್ದರೆ ದುಡ್ಡು ಎಲ್ಲೋ ಬಚ್ಚಿಟ್ಟಿದ್ದಾನೆಂದು ಇನ್ನೂ ದೊಡ್ಡ ಅನುಮಾನ. ಅಂಥ ಊರಲ್ಲಿ, ಜೀನ್ಸ್ ಹೊಲಿಯುವ ನಾನು ಕರಾಟೆ ಕಲಿಯಲು ಹೊರಟೆ. ಬ್ಲ್ಯಾಕ್ ಬೆಲ್ಟೂ ಬೇಕು, ಮದುವೆಯೂ ಆಗಬೇಕು ಎನ್ನುವುದು ನನ್ನಾಸೆ. ಒಂದಕ್ಕೊಂದು ಅಡ್ಡ ಬರುತ್ತದೆಂದು ಯಾರು ಕಂಡಿದ್ದರು?

ಬಿಳಿ

ನಮ್ಮ ಮನೆ ಅದಿರು ಲಾರಿಗಳು ಓಡುವ ರಸ್ತೆಯ ಬದಿಗೆ. ಕರಾಟೆಗೆ ಹೊಸದಾಗಿ ಸೇರಿದವರು ಕಟ್ಟುವ ಬಿಳಿ ಬೆಲ್ಟನ್ನು ಒಗೆದು ಹೊರಗೆ ಹಗ್ಗದ ಮೇಲೆ ಹಾಕಿದ್ದೆ. ಹಸಿ ಬಟ್ಟೆಗೆ ಕೆಂಧೂಳು ಮೆತ್ತಿ ಕಂದು ಬಣ್ಣವಾಯಿತು. ಮತ್ತೆ ಒಗೆಯಲು ಹೊತ್ತಿರಲಿಲ್ಲ. ಹಾಗೇ ಕಟ್ಟಿಕೊಂಡು ಹಳದಿ ಬೆಲ್ಟಿನ ಪರೀಕ್ಷೆಗೆ ಸಿರುಗುಪ್ಪಕ್ಕೆ ಹೋದೆ. ಪರೀಕ್ಷಕರು ನನ್ನ ಸೊಂಟ ನೋಡಿದವರೇ ಬ್ರೌನ್ ಬೆಲ್ಟಿನವರ ಸಾಲಿನಲ್ಲಿ ನಿಲ್ಲಿಸಿದರು. ಬ್ಲ್ಯಾಕ್‌ಗೆ ಒಂದೇ ಮೆಟ್ಟಿಲು ಕೆಳಗಿನವರು ಅವರು.

"ಸರ್, ಇದು ಬಿಳೀದ್ರಿ. ಬಳ್ಳಾರಿ ಧೂಳು ಹತ್ತೈತಿ," ಅಂದೆ.

"ಹೊಡತಕ್ಕ ಅಂಜಿ ನೆವ ಹೇಳ್ತಿಯೇನಲೇ?"

ಎದುರಿಗೆ ಬಂದವನು ರೈಸ್ ಮಿಲ್ಲಿನ ಹಮಾಲಿ. ಅವನ ಒಂದೇ ಒದೆತಕ್ಕೆ ನಾನು ಗೋಡೆ ಸೇರಿದೆ. ಪರೀಕ್ಷಕರು ಬಗ್ಗಿ ನೋಡಿ ಸಮಾಧಾನದಿಂದ ಹೇಳಿದರು: "ಈಗ ನಂಬಿಕಿ ಬಂತು. ನಿಂದು ಬಿಳೀದ."

ಹಸಿರು

ಹಸಿರು ಬೆಲ್ಟ್ ಬರುವಷ್ಟರಲ್ಲಿ ಅವ್ವ ಹೆಣ್ಣು ಹುಡುಕತೊಡಗಿದ್ದಳು. ನಮ್ಮ ಕಡೆ ಹೆಣ್ಣಿನವರು ಮೊದಲು ವಿಚಾರಿಸುವುದು ಹುಡುಗನ ಓಣಿಯ ಚಹಾದಂಗಡಿಯಲ್ಲಿ. ಅಂಗಡಿಯವನು ನನ್ನ ಮೇಲಿನ ಪ್ರೀತಿಗೆ, "ಹುಡುಗ ಭಾರಿ ಗಟ್ಟಿ ಅದಾನ್ರಿ. ಹತ್ತು ಮಂದಿಗೆ ಒಬ್ಬನ ಸಾಕು" ಎಂದನಂತೆ. ಗಣಿ ಧಣಿಗಳ ಹಿಂದೆ ಅಂಥವರೇ ರೌಡಿಗಳಾಗಿ ತಿರುಗುತ್ತಿದ್ದ ದಿನಗಳವು. ಬಂದವರು ಚಹಾ ಅರ್ಧಕ್ಕೇ ಬಿಟ್ಟು ಬಸ್ ಹತ್ತಿದರು.

"ಅಣ್ಣಾ, ಇನ್ನ ಮ್ಯಾಲೆ ಹುಡುಗ ಭಾಳ ಮೆತ್ತಗ ಅದಾನ ಅಂತ ಹೇಳು," ಎಂದು ಕೇಳಿಕೊಂಡೆ. ಮುಂದೆ ಬಂದವರಿಗೆ ಪಾಪ, ಹಾಗೇ ಹೇಳಿದ. ಕೊನೆಗೆ ಒಂದು ಮಾತು ಸೇರಿಸಿದ: "ಹಿಂಗ ಹೇಳು ಅಂತ ಅವನ ಹೇಳ್ಯಾನ್ರಿ."

ಕಪ್ಪು

ಕುರುಗೋಡಿನ ಹುಡುಗಿಯ ಫೋಟೋ ನೋಡಿದ ಮೇಲೆ ನನಗೆ ಹೊಲಿಗೆಯೇ ನೆಟ್ಟಗೆ ಬರುತ್ತಿರಲಿಲ್ಲ. ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯೂ ಆ ಊರಲ್ಲೇ ಬಂತು. ಹುಡುಗಿಯ ಅಪ್ಪ ನಮ್ಮವ್ವನಿಗೆ ಹೇಳಿ ಕಳಿಸಿದರು: "ನಾನ ಬಂದು ನೋಡ್ತೀನಿ. ಹೊಡಿಬಡಿ ಹುಡುಗ ಅನಿಸ್ತಂದ್ರ ಮಗಳನ್ನ ಕೊಡಂಗಿಲ್ಲ."

ಕೈ ಎತ್ತಿದರೆ ಹುಡುಗಿ ಇಲ್ಲ, ಎತ್ತದಿದ್ದರೆ ಬೆಲ್ಟ್ ಇಲ್ಲ. ಎದುರಿಗೆ ನಿಂತಾಕೆ ಅದೇ ಊರಿನ ಒಬ್ಬ ನರ್ಸಮ್ಮ, ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಏನು ಮಾಡಲಿ ಎಂದು ಮಾವನಾಗುವವರ ಮುಖ ಒಮ್ಮೆ ನೋಡಿದೆ. ಅಷ್ಟರಲ್ಲಿ ಆಕೆಯ ಕಾಲು ಬಂತು. ನಾನು ಹೋಗಿ ಬಿದ್ದದ್ದು ಅವರ ಕಾಲ ಬಳಿಗೇ. ಬೆಲ್ಟ್ ಹೋಯಿತು, ಮಾನವೂ ಹೋಯಿತು. ಅಳು ಬರುವಂತಾಗಿ, ಅದನ್ನು ಮುಚ್ಚಲು ಹಲ್ಲು ಕಿರಿದೆ.

ಸಂಜೆ ಅವರ ಮನೆಯಲ್ಲಿ ಹುಡುಗಿಯ ಅಪ್ಪ ನಮ್ಮವ್ವನಿಗೆ ಹೇಳಿದರು: "ಭಾಳ ಛಲೋ ಹುಡುಗ ಅದಾನ್ರಿ. ಹೆಣ್ಮಗಳ ಕೈಲಿ ಒದಿಸ್ಕೊಂಡೂ ನಕ್ಕೊಂತ ಎದ್ದ. ಮದಿವಿ ಮಾಡಿಬಿಡೋಣು."

ನನಗೆ ಹೋದ ಜೀವ ಬಂದಂತಾಯಿತು. ಉಪ್ಪಿಟ್ಟು ತಂದಿಟ್ಟ ಹುಡುಗಿ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ ಅಪ್ಪನ ಕಡೆ ತಿರುಗಿದಳು.

"ಛಲೋ ಅದಾರ ಅಂತ ನೀ ಹೇಳ್ತಿ. ಅಪ್ಪಾ, ಎದಕ್ಕೂ ಇರಲಿ, ಮದಿವಿಗಿಂತ ಮೊದಲ ಆ ನರ್ಸಮ್ಮ ಹೋಗೋ ಕರಾಟೆ ಕ್ಲಾಸಿಗೆ ನನ್ನ ಹಚ್ಚು."